ಮರದ ಕೆಳಗೆ ನಿಂತ ಕಣ್ಣು: ಡಚ್ಚರ ಕಾಡಿನ ಚಿತ್ರಗಳು ಮತ್ತು ನಮ್ಮ ಹೇಮಾವತಿ ಸೀಮೆ



ಗೊರೂರಿನ ಈ ದತ್ತಿ ಉಪನ್ಯಾಸದಲ್ಲಿ ಹಾಲೆಂಡಿನ ಕಲಾವಿದರು ಬರೆದ ಕಾಡಿನ ಚಿತ್ರಗಳ ಬಗ್ಗೆ ಮಾತಾಡುತ್ತೇನೆಂದು ತಿಳಿಸಿದಾಗ ಸಂಘಟಕರು ಕೇಳಿದ ಮೊದಲ ಪ್ರಶ್ನೆ, ಆ ದೇಶದಲ್ಲಿ ಕಾಡೆಲ್ಲಿದೆ ಎಂಬುದು. ಸರಿಯಾದ ಪ್ರಶ್ನೆ. ಈ ಚಿತ್ರಗಳು ಹುಟ್ಟಿದ ಹದಿನೇಳನೆಯ ಶತಮಾನದಲ್ಲೂ ಅಲ್ಲಿ ಕಾಡು ಬಹಳ ಕಡಿಮೆ ಇತ್ತು. ಕಾಡಿಲ್ಲದ ನಾಡು ಕಾಡನ್ನು ಅಷ್ಟು ಅಕ್ಕರೆಯಿಂದ ಬರೆಯಿತು. ಮಲೆನಾಡಿನ ಸೆರಗಿನಲ್ಲಿರುವ ನಾವು ಬರೆಯಲಿಲ್ಲ. ಇದು ಏಕೆ ಹೀಗಾಯಿತು, ಈಗಲಾದರೂ ನಾವು ಏನು ಮಾಡಬಹುದು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಆ ನಾಡು ತಗ್ಗಿನ ನಾಡು. ಕಟ್ಟೆ ಕಟ್ಟಿ, ಗಾಳಿಯಂತ್ರದಿಂದ ನೀರೆತ್ತಿ ಹೊರಗೆ ಹಾಕಿ, ಉಳಿದ ನೆಲದಲ್ಲಿ ಹುಲ್ಲು ಬೆಳೆಸಿ ದನ ಮೇಯಿಸಿದವರು ಅವರು. ಹಡಗು ಕಟ್ಟುವ ಮರ ನಾರ್ವೆಯಿಂದ, ಬಾಲ್ಟಿಕ್ ತೀರದಿಂದ ಬರುತ್ತಿತ್ತು, ಜರ್ಮನಿಯಿಂದ ರೈನ್ ನದಿಯಲ್ಲಿ ತೇಲಿಬರುತ್ತಿತ್ತು. ಆಮ್‌ಸ್ಟರ್‌ಡಾಮಿನ ನೆಲ ಎಷ್ಟು ಕೆಸರೆಂದರೆ, 1648ರಲ್ಲಿ ಅಲ್ಲಿನ ಪುರಭವನ ಕಟ್ಟಲು ಹೊರಟಾಗ ಅಡಿಪಾಯಕ್ಕೆ 13,659 ಮರದ ಕಂಬಗಳನ್ನು ನೆಲಕ್ಕೆ ಹೊಡೆದರು ಎಂದು ಲೆಕ್ಕ ಹೇಳುತ್ತಾರೆ. ಒಂದೇ ಕಟ್ಟಡದ ಕೆಳಗೆ ಒಂದು ಕಾಡೇ ತಲೆಕೆಳಗಾಗಿ ನಿಂತಿದೆ.

ಇದ್ದ ಅಷ್ಟಿಷ್ಟು ತೋಪುಗಳೂ ಯುದ್ಧಕ್ಕೆ ಸಿಕ್ಕವು. ಸ್ಪೇನಿನ ಅರಸನ ವಿರುದ್ಧ ಡಚ್ಚರು ಎದ್ದಾಗ ಹಾರ್ಲೆಂ ಪಟ್ಟಣಕ್ಕೆ ಮುತ್ತಿಗೆ ಬಿತ್ತು. 1573ರಲ್ಲಿ ಪಟ್ಟಣ ಶರಣಾಗುವ ಹೊತ್ತಿಗೆ ಊರಿನ ದಕ್ಷಿಣಕ್ಕಿದ್ದ ಹಳೆಯ ತೋಪು ನೆಲಸಮವಾಗಿತ್ತು. ಅದನ್ನು ಮತ್ತೆ ನೆಟ್ಟು ಬೆಳೆಸಬೇಕಾಯಿತು. ಹೇಗ್ ನಗರದ ಪಕ್ಕದ ಕಾಡಿನ ಕಥೆ ಇನ್ನೂ ಮುಖ್ಯವಾದುದು. ಯುದ್ಧದ ಖರ್ಚಿಗೆ ಅದನ್ನು ಕಡಿದು ಮಾರುವ ಯೋಚನೆ ನಡೆದಾಗ ಊರಿನವರು ಎದುರು ನಿಂತರು. ಇನ್ನು ಮುಂದೆ ಈ ಕಾಡನ್ನು ಮಾರುವುದಿಲ್ಲ, ಕಡಿಯುವುದಿಲ್ಲ ಎಂದು 1576ರಲ್ಲಿ ಡಚ್ಚರ ನಾಯಕ ರಾಜಕುಮಾರ ವಿಲಿಯಂನ ಹೆಸರಿನಲ್ಲಿ ಬರೆದುಕೊಟ್ಟ ಪತ್ರವಿದೆ. ಆ ಕಾಡು ಇವತ್ತಿಗೂ ನಗರದ ನಡುವೆ ಉಳಿದಿದೆ. ಅದರ ಮರಗಳನ್ನು ಮುಂದೆ ಯಾನ್ ಲೀವೆನ್ಸ್, ಆಂಥೋನಿ ವಾಟರ್ಲೋ ಮೊದಲಾದವರು ಕೂತು ಬರೆದರು. ಮರವನ್ನು ಕಳೆದುಕೊಂಡ ಊರಿನ ಮಕ್ಕಳೂ, ಜಗಳವಾಡಿ ಮರ ಉಳಿಸಿಕೊಂಡ ಊರಿನ ಮಕ್ಕಳೂ ಈ ಚಿತ್ರಗಳ ಹಿಂದೆ ಇದ್ದಾರೆ ಎಂಬುದನ್ನು ಮರೆತರೆ ಆ ಗೆರೆಗಳು ನಮಗೆ ಅರ್ಧವೇ ಕಾಣುತ್ತವೆ.

ಚಿತ್ರದ ಒಳಕ್ಕೆ ಹೋಗೋಣ. ಹದಿನಾರನೆಯ ಶತಮಾನದ ಮೊದಲ ಭಾಗದ ಫ್ಲೆಮಿಶ್ ಕಲಾವಿದರು ನಿಸರ್ಗವನ್ನು ಹದ್ದಿನ ಎತ್ತರದಿಂದ ನೋಡುತ್ತಿದ್ದರು. ಬೆಟ್ಟ, ಬಯಲು, ನದಿ, ಕೋಟೆ, ದೂರದ ಸಮುದ್ರ, ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಆ ನೋಟದಲ್ಲಿ ಮರ ಒಂದು ಚುಕ್ಕೆ. ಈ ಕಣ್ಣನ್ನು ನೆಲಕ್ಕಿಳಿಸಿದವರಲ್ಲಿ ಮುಖ್ಯನಾದವನು ಗಿಲ್ಲಿಸ್ ವಾನ್ ಕೋನಿನ್‌ಕ್ಸ್ಲೋ. ಹುಟ್ಟಿದ್ದು 1544ರಲ್ಲಿ, ಆಂಟ್ವರ್ಪ್‌ನಲ್ಲಿ. 1585ರಲ್ಲಿ ಆ ಪಟ್ಟಣ ಸ್ಪೇನಿನ ಕೈಸೇರಿದಾಗ ಊರು ಬಿಟ್ಟ. ಜರ್ಮನಿಯ ಫ್ರಾಂಕೆಂತಾಲ್‌ನಲ್ಲಿ ಕೆಲವು ವರ್ಷವಿದ್ದು, 1595ರಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದ. 1598ರಲ್ಲಿ ಅವನು ಬರೆದ ಕಾಡಿನ ಚಿತ್ರದಲ್ಲಿ ಆಕಾಶ ಕಾಣುವುದೇ ಅಪರೂಪ. ಮುಂದೆ ಕಪ್ಪಾದ ದೊಡ್ಡ ಕಾಂಡಗಳು, ಬಾಗಿ ಹೆಣೆದುಕೊಂಡ ಬೇರು ಕೊಂಬೆಗಳು, ಒಳಗೆಲ್ಲೋ ಬೆಳಕು ಬಿದ್ದ ಒಂದು ಬಯಲು. ಮನುಷ್ಯನನ್ನು ಹುಡುಕಬೇಕು. ನೋಡುವವನು ಕಾಡಿನ ಹೊರಗಿಲ್ಲ. ಅವನ ತಲೆಯ ಮೇಲೂ ಎಲೆಯಿದೆ. ಮನೆಮಠ ಬಿಟ್ಟು ಓಡಿಬಂದವನೊಬ್ಬ ಈ ದಟ್ಟ ನೆರಳನ್ನು ಚಿತ್ರಕ್ಕೆ ತಂದ ಎಂಬುದು ಆಕಸ್ಮಿಕವಿರಲಾರದು ಎಂದು ನನಗೆ ಅನ್ನಿಸುತ್ತದೆ.

ಹಾರ್ಲೆಂನಲ್ಲಿದ್ದ ಕಾರೆಲ್ ವಾನ್ ಮಾಂಡರ್ 1604ರಲ್ಲಿ ಚಿತ್ರಕಾರರ ಬಗ್ಗೆ ಒಂದು ದೊಡ್ಡ ಗ್ರಂಥ ಅಚ್ಚು ಹಾಕಿಸಿದ. ಎಳೆಯ ಕಲಾವಿದರು ಬೆಳಗಿನ ಜಾವದಲ್ಲೇ ಊರ ಹೊರಗೆ ಹೋಗಿ ಕಂಡದ್ದನ್ನು ಬರೆದುಕೊಳ್ಳಬೇಕು ಎಂದು ಅದರಲ್ಲಿ ಕರೆಯುತ್ತಾನೆ. ಕಣ್ಣೆದುರು ಇಟ್ಟುಕೊಂಡು ಬರೆಯುವುದು ಒಂದು ಬಗೆ, ಮನಸ್ಸಿನಿಂದ ತೆಗೆದು ಬರೆಯುವುದು ಇನ್ನೊಂದು ಬಗೆ. ಚಿತ್ರಕಾರನಿಗೆ ಎರಡೂ ಬೇಕು ಎಂಬುದು ಅವನ ಮಾತಿನ ಸಾರ. ಅವನು ಮನಸ್ಸಿನ ಪಾಲಿಗೆ ಬಿಟ್ಟುಕೊಟ್ಟ ಕೆಲವೇ ವಸ್ತುಗಳಲ್ಲಿ ಕೂದಲು, ಗಾಳಿ, ಬಟ್ಟೆಯ ಮಡಿಕೆಗಳ ಜೊತೆಗೆ ಮರದ ಎಲೆಯೂ ಇದೆ. ಮರ ಬರೆಯಲು ಕೂತ ಯಾರಿಗಾದರೂ ಇದು ಅರ್ಥವಾಗುತ್ತದೆ. ಕಾಂಡವನ್ನು ನೋಡಿ ಬರೆಯಬಹುದು. ಲಕ್ಷ ಎಲೆಗಳನ್ನು ಒಂದೊಂದಾಗಿ ನೋಡಿ ಬರೆಯಲಾಗುವುದಿಲ್ಲ. ಎಲೆಯ ರಾಶಿಗೆ ಒಂದು ಕೈಬರಹ ಹುಡುಕಿಕೊಳ್ಳಲೇಬೇಕು.

ಒಬ್ಬೊಬ್ಬರ ಕೈಬರಹವೂ ಬೇರೆ. ವಾಟರ್ಲೋ, 1609ರಿಂದ 1690ರವರೆಗೆ ಬದುಕಿದವನು, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಮರಗಳೇ ಇವೆ. ಕಾಗದದ ಮೇಲೆ ಬರೆಯುವಾಗ ಅವನು ಕಪ್ಪು ಸೀಮೆಸುಣ್ಣದ ಜೊತೆಗೆ ಅಗಸೆ ಎಣ್ಣೆಯಲ್ಲಿ ನೆನೆಸಿದ ಇದ್ದಿಲನ್ನು ಬಳಸುತ್ತಿದ್ದ. ಒಣ ಇದ್ದಿಲು ಒರೆಸಿದರೆ ಹೋಗುತ್ತದೆ. ಎಣ್ಣೆ ಕುಡಿದ ಇದ್ದಿಲು ಕಾಗದಕ್ಕೆ ಕಚ್ಚಿಕೊಂಡು ಗಾಢವಾದ ಕಪ್ಪನ್ನು ಕೊಡುತ್ತದೆ. ಮುಂದಿನ ಮರ ಎಣ್ಣೆಯ ಇದ್ದಿಲಿನಿಂದ, ನಡುವಿನ ಮರ ಸೀಮೆಸುಣ್ಣದಿಂದ, ಹಿಂದಿನದು ಬೂದು ಬಣ್ಣದ ತೆಳುನೀರಿನಿಂದ. ಹೀಗೆ ಮೂರು ಕಪ್ಪುಗಳಲ್ಲಿ ಕಾಡಿನ ಆಳ ಹುಟ್ಟುತ್ತದೆ. ಎಲೆಯ ಮೇಲಿನ ಬಿಸಿಲಿಗೆ ಯಾವ ಬಣ್ಣವೂ ಇಲ್ಲ. ಅದು ಬರೆಯದೆ ಬಿಟ್ಟ ಕಾಗದ. ಇಲ್ಲಿರುವ ವಿದ್ಯಾರ್ಥಿಗಳಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ನಾವು ಮರ ಬರೆಯುವಾಗ ಹಸಿರು ತುಂಬುವ ಆತುರದಲ್ಲಿ ಬೆಳಕಿಗೆ ಜಾಗವೇ ಉಳಿಸುವುದಿಲ್ಲ.

ಲೀವೆನ್ಸ್‌ನ ದಾರಿ ಬೇರೆ. ಅವನದು ಲೇಖನಿ ಮತ್ತು ಕಂದು ಶಾಯಿ, ಹಲವು ಸಲ ಜಪಾನಿನ ಕಾಗದದ ಮೇಲೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂದ ಆ ನುಣುಪಾದ, ಕೆನೆಬಣ್ಣದ ಕಾಗದವನ್ನು ಅವನ ಹಳೆಯ ಗೆಳೆಯ ರೆಂಬ್ರಾಂಟನೂ ಇಷ್ಟಪಡುತ್ತಿದ್ದ. ರೆಂಬ್ರಾಂಟ್ ಮೊಗಲರ ಕಿರುಚಿತ್ರಗಳನ್ನು ನೋಡಿ ನಕಲು ಮಾಡಿದ್ದೂ ಅಂಥ ಕಾಗದದ ಮೇಲೆಯೇ. ಏಷ್ಯಾದ ಕಾಗದದ ಮೇಲೆ ಹೇಗ್‌ನ ಓಕ್ ಮರಗಳು ನಿಂತಿವೆ.

ಈ ಪರಂಪರೆಯ ಶಿಖರ ಯಾಕೋಬ್ ವಾನ್ ರಾಯ್ಸ್‌ಡಾಲ್. ಹಾರ್ಲೆಂನಲ್ಲಿ 1628 ಅಥವಾ 29ರಲ್ಲಿ ಹುಟ್ಟಿದವನು, 1682ರಲ್ಲಿ ತೀರಿಕೊಂಡ. ಅವನ ಕಾಡಿನಲ್ಲಿ ಮರಗಳು ಹುಟ್ಟುತ್ತವೆ, ಮುಪ್ಪಾಗುತ್ತವೆ, ಸಿಡಿಲಿಗೆ ಸೀಳುತ್ತವೆ, ಜೌಗಿನ ನೀರಿನಲ್ಲಿ ಕೊಳೆಯುತ್ತವೆ. ಈಗ ರಷ್ಯಾದ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಕಾಡಿನ ಜೌಗು ಚಿತ್ರದಲ್ಲಿ ಮುರಿದುಬಿದ್ದ ಬೋಳು ಮರಕ್ಕೂ ಅದರ ಹಿಂದಿನ ತುಂಬುಮರಕ್ಕೂ ಅವನು ಒಂದೇ ಗೌರವ ಕೊಟ್ಟಿದ್ದಾನೆ. ಕಡಿದದ್ದು, ಬಿದ್ದದ್ದು, ಚಿಗುರಿದ್ದು ಒಂದೇ ಜಾಗದಲ್ಲಿ ಇರುವುದೇ ಕಾಡು ಎಂದು ತಿಳಿದವನ ಚಿತ್ರ ಅದು. 1982ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರಾಯ್ಸ್‌ಡಾಲ್‌ನ ದೊಡ್ಡ ಪ್ರದರ್ಶನದ ಹೊತ್ತಿಗೆ ಕಲಾಚರಿತ್ರೆಕಾರ ಸೀಮೂರ್ ಸ್ಲೈವ್ ಜೊತೆ ಸೇರಿ ಸಸ್ಯವಿಜ್ಞಾನಿ ಪೀಟರ್ ಆಷ್ಟನ್ ಈ ಮರಗಳನ್ನು ಪರೀಕ್ಷಿಸಿದರು. ಇದು ಓಕ್, ಇದು ಬೀಚ್, ಇದು ಎಲ್ಮ್ ಎಂದು ಗುರುತು ಹಿಡಿಯುವಷ್ಟು ನಿಖರವಾಗಿ ಮರ ಬರೆದವರಲ್ಲಿ ಅವನು ಮೊದಲಿಗ ಎಂಬುದು ಅವರ ನಿರ್ಣಯ. ಈ ಆಷ್ಟನ್ ತಮ್ಮ ಬಹುಪಾಲು ಜೀವನವನ್ನು ಏಷ್ಯಾದ ಮಳೆಕಾಡುಗಳಲ್ಲಿ, ನಮ್ಮ ಘಟ್ಟದ ಧೂಪದ ಮರ ಸೇರಿದ ಸಸ್ಯಕುಟುಂಬದ ಅಧ್ಯಯನದಲ್ಲಿ ಕಳೆದವರು. ಧೂಪದ ಕುಲವನ್ನು ಬಲ್ಲ ಕಣ್ಣೇ ರಾಯ್ಸ್‌ಡಾಲ್‌ನ ಓಕ್ ಮರಕ್ಕೆ ಸಾಕ್ಷಿ ನುಡಿಯಿತು. ಬಿಸ್ಲೆ ಘಾಟಿಯ ಅಂಚಿನ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳಲು ನನಗೆ ಸಂತೋಷವಾಗುತ್ತದೆ.

ರಾಯ್ಸ್‌ಡಾಲ್‌ನ ಶಿಷ್ಯ ಮೈಂಡರ್ಟ್ ಹೊಬ್ಬೆಮನ ಹೆಸರನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಅವನ ಮರಗಳು ಸೊಗಸಾಗಿವೆ, ಆದರೆ ಗುರುವಿನ ಮರಗಳಿಗಿರುವ ಭಾರ ಅವಕ್ಕಿಲ್ಲ.

ಈ ಕೈಗಳು ನಮ್ಮ ನಾಡನ್ನು ಮುಟ್ಟಲಿಲ್ಲವೆ? ಮುಟ್ಟಿದವು. ಅದೇ ಹಾರ್ಲೆಂ ಪಟ್ಟಣದ ಕೊರ್ನೆಲಿಸ್ ಕ್ಲಾಸ್ ಹೇಡ ಎಂಬ ಚಿತ್ರಕಾರ ಮೊದಲು ಪ್ರಾಗ್‌ನಲ್ಲಿ ರುಡಾಲ್ಫ್ ಚಕ್ರವರ್ತಿಯ ಆಸ್ಥಾನದಲ್ಲಿದ್ದ. ಪರ್ಷಿಯಾದ ಅರಸನಲ್ಲಿಗೆ ಹೊರಟವನು ಗೋವೆಗೆ ಬಂದು, ಅಲ್ಲಿಂದ ಬಿಜಾಪುರ ಸೇರಿದ. ಅಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಅವನನ್ನು ತನ್ನ ಬಳಿ ಇರಿಸಿಕೊಂಡ. 1610ರ ಸುಮಾರಿನಿಂದ 1622ರಲ್ಲಿ ಸಾಯುವವರೆಗೆ ಹೇಡ ಕನ್ನಡ ನೆಲದಲ್ಲೇ ಇದ್ದ. ಸಂಗೀತಕ್ಕೂ ಕಲೆಗೂ ಎಂದೇ ಇಬ್ರಾಹಿಂ 1599ರಲ್ಲಿ ಕಟ್ಟಲು ಆರಂಭಿಸಿದ ನವರಸಪುರದಲ್ಲಿ ಅವನ ಮನೆ. ಡಚ್ ಕಂಪನಿಯ ಕಾಗದಪತ್ರಗಳಲ್ಲಿ ಅವನ ಬದುಕಿನ ವಿವರಗಳು ಉಳಿದಿವೆ. ಸುಲ್ತಾನನಿಗೆ ಅವನು ಬರೆದುಕೊಟ್ಟದ್ದು ವೀನಸ್, ಬ್ಯಾಕಸ್, ಕ್ಯುಪಿಡ್ ಎಂಬ ಯುರೋಪಿನ ದೇವತೆಗಳನ್ನು. ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರ್‌ನ ಸೈನ್ಯ ಹಾಳುಗೆಡವಿತು. ಹೇಡನ ಬಿಜಾಪುರದ ಚಿತ್ರಗಳು ಇವತ್ತು ನಮ್ಮ ಮುಂದಿಲ್ಲ.

ಪ್ರಾಗ್‌ನ ಅದೇ ಆಸ್ಥಾನಕ್ಕೆ ರೂಲಾಂಟ್ ಸಾವೆರಿ ಎಂಬ ಇನ್ನೊಬ್ಬ ಕಲಾವಿದನೂ ಬಂದಿದ್ದ. 1606ರ ಸುಮಾರಿಗೆ ಚಕ್ರವರ್ತಿ ಅವನನ್ನು ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಗೆ ಕಳಿಸಿ, ಅಲ್ಲಿನ ಬಂಡೆ, ಜಲಪಾತ, ಕಾಡುಗಳನ್ನು ಬರೆದುಕೊಂಡು ಬಾ ಎಂದ. ಇಬ್ಬರು ದೊರೆಗಳು, ಇಬ್ಬರು ಕಲಾವಿದರು. ಒಬ್ಬನನ್ನು ಕಾಡಿಗೆ ಕಳಿಸಿದರು, ಇನ್ನೊಬ್ಬನನ್ನು ಅರಮನೆಯಲ್ಲಿ ಕೂರಿಸಿದರು. ಇಬ್ರಾಹಿಂ ತನ್ನ ಡಚ್ ಚಿತ್ರಕಾರನನ್ನು ಒಂದು ಮಳೆಗಾಲ ಘಟ್ಟದ ಕಡೆ ಕಳಿಸಿದ್ದರೆ ನಮ್ಮ ಚಿತ್ರಕಲೆಯ ಚರಿತ್ರೆ ಬೇರೆಯಾಗುತ್ತಿತ್ತೇನೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಹಾಗೆಂದು ಬಿಜಾಪುರದ ಚಿತ್ರಗಳಲ್ಲಿ ಕಾಡಿಲ್ಲವೆನ್ನಲಾಗದು. ಹೇಡನಿಗಿಂತ ಮೊದಲು ಅಲ್ಲಿದ್ದ ಫರ್ರುಖ್ ಬೇಗ್ ಬರೆದ, ಇಬ್ರಾಹಿಂ ಡೇಗೆ ಹಿಡಿದು ಕುದುರೆಯ ಮೇಲೆ ಹೋಗುವ ಚಿತ್ರದಲ್ಲಿ ಮರ, ಹೂವು, ಬಂಡೆಗಳು ಉಕ್ಕಿ ಹರಿಯುತ್ತವೆ. ಅದು ಕನಸಿನ ಕಾಡು. ಯಾವ ಊರಿನದೂ ಅಲ್ಲ, ಯಾವ ಋತುವಿನದೂ ಅಲ್ಲ. ಇದೇ ಕಲಾವಿದ ಮುಂದೆ ಜಹಾಂಗೀರನ ಬಳಿ, 1615ರಲ್ಲಿ, ಮಾರ್ಟೆನ್ ಡಿ ವೋಸ್ ಎಂಬ ಆಂಟ್ವರ್ಪ್ ಚಿತ್ರಕಾರನ ಅಚ್ಚುಚಿತ್ರವೊಂದನ್ನು ಮುಂದಿಟ್ಟುಕೊಂಡು ಮುದುಕ ಸೂಫಿಯೊಬ್ಬನನ್ನು ಬರೆದ. ವ್ಯಕ್ತಿಯನ್ನು ಅಲ್ಲಿಂದ ತೆಗೆದುಕೊಂಡ, ಮರವನ್ನು ಮಾತ್ರ ತನ್ನ ಕಲ್ಪನೆಯಂತೆ ಬೆಳೆಸಿದ. ದಖ್ಖನಿನ ಕಲಾವಿದರಿಗೆ ಮರ ರಸದ ವಿಷಯ, ಚಹರೆಯ ವಿಷಯವಲ್ಲ. ಅದನ್ನು ಕೊರತೆ ಎಂದು ನಾನು ಹೇಳುವುದಿಲ್ಲ. ವಾನ್ ಮಾಂಡರ್ ಹೇಳಿದ ಎರಡು ದಾರಿಗಳಲ್ಲಿ ಮನಸ್ಸಿನ ದಾರಿಯನ್ನು ಅವರು ತುದಿಯವರೆಗೂ ನಡೆದರು.

ಡಚ್ಚರು ನಮ್ಮ ಘಟ್ಟದ ಮರಗಳನ್ನು ಬರೆಸಿದ್ದೂ ಉಂಟು. ಮಲಬಾರಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡೆ, ಇಟ್ಟಿ ಅಚ್ಯುತನ್ ಎಂಬ ವೈದ್ಯನ ಮತ್ತು ರಂಗಭಟ್, ವಿನಾಯಕ ಪಂಡಿತ, ಅಪ್ಪುಭಟ್ ಎಂಬ ಕೊಂಕಣಿ ಬ್ರಾಹ್ಮಣರ ನೆರವಿನಿಂದ ಸಿದ್ಧಗೊಳಿಸಿದ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ತೆಂಗಿನಿಂದ ಅದು ಆರಂಭವಾಗುತ್ತದೆ. ಹಲಸು, ಮಾವು, ಹೊನ್ನೆ ಎಲ್ಲವೂ ಇವೆ. ಆದರೆ ಅಲ್ಲಿ ಒಂದೊಂದು ಗಿಡವೂ ಬಿಳಿ ಕಾಗದದ ಮೇಲೆ ಒಂಟಿ. ಪಕ್ಕದ ಮರವಿಲ್ಲ, ಹಬ್ಬಿದ ಬಳ್ಳಿಯಿಲ್ಲ, ಕೆಳಗಿನ ತರಗೆಲೆಯಿಲ್ಲ. ಬಳ್ಳಿಗಳು ಸುತ್ತಿಕೊಂಡ ಮಲಬಾರಿನ ಕಾಡಿನ ಸೊಂಪನ್ನು ಕಂಡು ಬೆರಗಾದುದನ್ನು ರೀಡೆ ಮುನ್ನುಡಿಯಲ್ಲಿ ಬರೆದಿದ್ದಾನೆ. ಆ ಬೆರಗು ಮಾತಿನಲ್ಲಿ ಉಳಿಯಿತು, ಗೆರೆಗೆ ಬರಲಿಲ್ಲ. 1678ರಲ್ಲಿ ಮೊದಲ ಸಂಪುಟ ಹೊರಬಂದಾಗ ರಾಯ್ಸ್‌ಡಾಲ್ ಅದೇ ಆಮ್‌ಸ್ಟರ್‌ಡಾಮಿನಲ್ಲಿದ್ದ. ತಮ್ಮ ನಾಡಿನ ಮರಕ್ಕೆ ಕಾಡನ್ನು ಕೊಟ್ಟವರು ನಮ್ಮ ನಾಡಿನ ಮರಕ್ಕೆ ಹೆಸರು, ಔಷಧ, ಉಪಯೋಗಗಳನ್ನು ಮಾತ್ರ ಕೊಟ್ಟರು. ದೊಡ್ಡ ಗ್ರಂಥವೇ ಹೌದು, ಸಸ್ಯವಿಜ್ಞಾನಿ ಲಿನೇಯಸ್ ಕೂಡ ಅದನ್ನು ಆಧರಿಸಿದ. ಆದರೂ ಅದು ವ್ಯಾಪಾರಿ ಕಂಪನಿಯ ಕಣ್ಣು.

ಆಮೇಲೆ ಬಂದ ಇಂಗ್ಲಿಷರದು ಸೈನ್ಯದ ಕಣ್ಣು. ಅವರ ಸೇನಾಪತಿ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಬಂದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರಿನ ದೃಶ್ಯಗಳ ಪುಸ್ತಕ ತಂದ. ಸಾವನದುರ್ಗದ ಸುತ್ತಲಿನ ಬಿದಿರುಕಾಡು ಆ ಸೈನ್ಯಕ್ಕೆ ದಾಟಬೇಕಾದ ಅಡ್ಡಿಯಾಗಿತ್ತು. ಅಂಥ ದಂಡಿನ ಚಿತ್ರಕಾರನ ಮನಸ್ಸು ಕೋಟೆಯ ಮೇಲೆ ನೆಟ್ಟಿರುತ್ತದೆ.

ನಮ್ಮ ಹಾಸನ ಜಿಲ್ಲೆಗೇ ಬರೋಣ. ಬೇಲೂರಿನ ಮದನಿಕೆಯರನ್ನು ನೋಡಲು ಹೋದವರು ಮದನಿಕೆಯರನ್ನು ನೋಡಿ ಬರುತ್ತಾರೆ. ಅವರ ತಲೆಯ ಮೇಲಿನ ಬಳ್ಳಿಚಪ್ಪರವನ್ನು ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಆ ದೇಗುಲದ ಶಿಲ್ಪಿಗಳು ಬಳಪದ ಕಲ್ಲನ್ನು ಹಿಂದಿನಿಂದ ಕೊರೆದು, ಎಲೆಯ ಸಂದಿನಲ್ಲಿ ನೆರಳು ತುಂಬುವಂತೆ ಮಾಡಿದರು. ಹಳೇಬೀಡಿನಲ್ಲಿ ಕೃಷ್ಣ ಎತ್ತಿದ ಗೋವರ್ಧನದ ಮೇಲೆ ಮರ, ಮೃಗಗಳು ತುಂಬಿ ನಿಂತಿವೆ. ಎಲೆಯ ರಾಶಿಗೆ ಕೈಬರಹ ಹುಡುಕುವ ಕಷ್ಟವನ್ನು ಡಚ್ಚರಿಗಿಂತ ನಾನೂರಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮವರು ಉಳಿಯಲ್ಲಿ ಬಗೆಹರಿಸಿಕೊಂಡಿದ್ದರು. ಆದರೆ ಕಲ್ಲಿನ ಕೆಲಸ ಮರದ ಕೆಳಗೆ ಕೂತು ಮಾಡುವಂಥದ್ದಲ್ಲ. ಹಾಗೆ ಕೂತು ಬರೆಯಲು ಕಾಗದ ಬೇಕು, ಜೇಬಿನಲ್ಲಿ ಹಿಡಿಯುವ ಪುಸ್ತಕ ಬೇಕು, ಯಾರೂ ಹೇಳಿ ಮಾಡಿಸದ ಒಂದು ಬೆಳಗು ಬೇಕು. ಹಾಲೆಂಡಿನಲ್ಲಿ ಕಾಗದ ಅಗ್ಗವಾಗಿತ್ತು, ಮನೆಯಲ್ಲಿ ಇಟ್ಟುಕೊಳ್ಳಲು ಚಿತ್ರ ಕೊಳ್ಳುವ ಸಾಮಾನ್ಯ ಜನರಿದ್ದರು. ಕ್ಲಾಸ್ ವಿಸ್ಷರ್ 1611ರ ಸುಮಾರಿಗೆ ಹಾರ್ಲೆಂ ಸುತ್ತಮುತ್ತಲಿನ ಚೆಂದದ ಜಾಗಗಳ ಅಚ್ಚುಚಿತ್ರಗಳನ್ನು ಹೊರತಂದದ್ದು, ದೂರ ಪ್ರಯಾಣ ಮಾಡಲು ಪುರುಸೊತ್ತಿಲ್ಲದ ತನ್ನ ಊರಿನವರಿಗಾಗಿಯೇ.

ನಮ್ಮಲ್ಲಿ ಅಂಥ ಜೇಬಿನ ಪುಸ್ತಕ ಹಿಡಿದು ಹೊರಗೆ ಹೋದವರು ತಡವಾಗಿ ಬಂದರು. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದು, 1926ರಲ್ಲಿ ಊಟಿಯ ಮಂಜು, ಮೋಡ, ಮರಗಳನ್ನು ಜಲವರ್ಣದಲ್ಲಿ ಬರೆದರು. ಆ ಚಿತ್ರಗಳನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ನೋಡಬಹುದು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳಿಗೆ ತಮ್ಮನ್ನೇ ಕೊಟ್ಟುಕೊಂಡರು. ಇಬ್ಬರ ಮೇಲೂ ನನಗೆ ಅಪಾರ ಗೌರವ. ಆದರೆ ಒಬ್ಬರದು ಗಿರಿಧಾಮ, ಇನ್ನೊಬ್ಬರದು ನಗರದ ರಸ್ತೆ. ಸಕಲೇಶಪುರದ ಕಾಡು, ದೇವರಕಾಡು, ಹೊಳೆಸಾಲಿನ ಮರಗಳು ಯಾರೂ ಬರೆಯದೆಯೇ ಉಳಿದವು.

ಗೊರೂರಿನಲ್ಲಿ ಇದನ್ನು ಹೇಳಲು ಕಾರಣವಿದೆ. 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಬರೆದ ರಾಮಸ್ವಾಮಿ ಅಯ್ಯಂಗಾರರ ಊರು ಇದು. ಈ ಊರಿನ ಜನ, ಮಾತು, ಹೊಳೆ ಕನ್ನಡ ಗದ್ಯದಲ್ಲಿ ಉಳಿದವು. ಹೀಗೆ ಗೆರೆಯಲ್ಲಿ ಉಳಿಸುವವರು ಇರಲಿಲ್ಲ. ಆಮೇಲೆ ಅಣೆಕಟ್ಟು ಬಂತು. 1979ರಲ್ಲಿ ಮುಗಿದ ಹೇಮಾವತಿ ಜಲಾಶಯ ನಾಲ್ಕೂವರೆ ಕಿಲೋಮೀಟರಿಗೂ ಉದ್ದದ ಕಟ್ಟೆಯ ಹಿಂದೆ ಸುಮಾರು 37 ಟಿಎಂಸಿ ನೀರು ಹಿಡಿದಿದೆ. ಆ ನೀರಿನಿಂದ ಎಷ್ಟೋ ಹೊಲಗಳು ಹಸಿರಾಗಿವೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದಾಗ ಅವುಗಳ ತೋಪುಗಳೂ, ಅರಳಿಕಟ್ಟೆಗಳೂ, ಹಿತ್ತಲಿನ ಹಲಸೂ ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿನ ಅವಶೇಷ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತದೆ. ಅದನ್ನು ನೋಡಲು, ಫೋಟೋ ತೆಗೆಯಲು ದೂರದೂರದಿಂದ ಬರುತ್ತಾರೆ. ಗೋಡೆಗೆ ಅವಶೇಷ ಉಂಟು. ಮರ ಕೊಳೆತರೆ ಅವಶೇಷವಿಲ್ಲ. ಆ ಚರ್ಚಿನ ನೆರೆಯಲ್ಲಿದ್ದ ಮರಗಳು ಯಾವುವು, ಎಷ್ಟು ದಪ್ಪ, ಯಾವ ಕಡೆಗೆ ಬಾಗಿದ್ದವು? ಮುಳುಗಡೆಯ ಹಿರಿಯರ ನೆನಪಿನಲ್ಲಿ ಮಾತ್ರ ಈ ಉತ್ತರಗಳಿವೆ, ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದ್ದರಿಂದ ಈ ದತ್ತಿಯ ಮೂಲಕ ಒಂದು ಕೆಲಸ ಆರಂಭಿಸೋಣ ಎಂದು ಕೇಳಿಕೊಳ್ಳುತ್ತೇನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಹಳೆಯ ಮರವನ್ನು ಆರಿಸಿಕೊಳ್ಳಲಿ. ಹೊಂಗೆ, ಹೊಳೆಮತ್ತಿ, ಅತ್ತಿ, ಗೋಣಿ, ಹಿಪ್ಪೆ, ಯಾವುದಾದರೂ ಸರಿ. ಎಲೆ ಉದುರಿದಾಗ, ಚಿಗುರಿದಾಗ, ಮಳೆಯಲ್ಲಿ, ಬಿಸಿಲಿನಲ್ಲಿ ಅದನ್ನೇ ಬರೆಯಲಿ. ದುಬಾರಿ ಬಣ್ಣ ಬೇಡ. ಒಲೆಯ ಇದ್ದಿಲನ್ನು ಅಗಸೆ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿದರೆ ವಾಟರ್ಲೋನ ಕಪ್ಪು ನಮ್ಮ ಕೈಗೂ ಸಿಗುತ್ತದೆ. ಪಕ್ಕದ ಮರವನ್ನು, ಬುಡದ ಕಲ್ಲನ್ನು, ಬಿದ್ದ ಕೊಂಬೆಯನ್ನು ಬಿಡಬಾರದು. ಕೆಳಗೆ ಮರದ ಹೆಸರು, ಊರು, ತಾರೀಖು ಬರೆಯಬೇಕು. ಮುಳುಗಡೆಯ ಹಳ್ಳಿಗಳವರ ಮನೆಗಳಿಗೆ ಮಕ್ಕಳು ಹೋಗಿ, ಅಜ್ಜಅಜ್ಜಿಯರು ಹೇಳಿದಂತೆ ಹೋದ ಮರಗಳನ್ನೂ ಬರೆಯಲಿ. ಅದು ಮನಸ್ಸಿನ ದಾರಿ, ಅದಕ್ಕೂ ಈ ಸಂಗ್ರಹದಲ್ಲಿ ಜಾಗವಿರಲಿ. ಚಿತ್ರಗಳನ್ನು ಊರಿನ ಗ್ರಂಥಾಲಯದಲ್ಲಿ ಇಡೋಣ. ಒಂದು ಮರಕ್ಕೆ ಕೊಡಲಿ ಬೀಳುವ ದಿನ ಬಂದರೆ ಎದುರು ನಿಲ್ಲುವವರ ಕೈಯಲ್ಲಿ ಹಿಡಿಯಲು ಒಂದು ಕಾಗದವಾದರೂ ಇರುತ್ತದೆ.

ಮೊದಲ ಬೈಠಕ್ಕಿಗೆ ಯೋಗಾನರಸಿಂಹ ದೇವಸ್ಥಾನದ ಬಳಿಯ ಹೊಳೆದಂಡೆ ಅನುಕೂಲವಾಗಿದೆ. ಬೆಳಗಿನ ಆರು ಗಂಟೆಯ ಹೊತ್ತಿಗೆ ಬೆಳಕು ಓರೆಯಾಗಿ ಬೀಳುತ್ತದೆ, ಎಲೆಯ ರಾಶಿ ತುಂಡುತುಂಡಾಗಿ ಬೇರ್ಪಟ್ಟು ಕಾಣುತ್ತದೆ. ಬರಲು ಮನಸ್ಸಿರುವ ಮಕ್ಕಳ ಹೆಸರನ್ನು ಶಿಕ್ಷಕರು ಸಭೆ ಮುಗಿದ ಮೇಲೆ ನನ್ನ ಬಳಿ ಬರೆಸಲಿ. ಕಾಗದವನ್ನು ನಾನು ತರುತ್ತೇನೆ.